ಇನ್ನೊಂದ್ಸಲ ಅಕ್ಕ

ನಮ್ಮ ಸಂಸ್ಥೆಯ ತರಬೇತಿ ಕೋಣೆಯಲ್ಲಿ ಇಪ್ಪತ್ತು ಪ್ಲಾಸ್ಟಿಕ್ ಕುರ್ಚಿಗಳಿವೆ. ಹತ್ತೊಂಬತ್ತರ ಮೇಲೆ ಯಾರು ಬಂದು ಕೂತರೂ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಎರಡನೇ ಸಾಲಿನಲ್ಲಿ, ಕಿಟಕಿಗೆ ತಾಗಿಕೊಂಡಿರುವ ಒಂದು ಕುರ್ಚಿಯ ವಿಷಯ ಮಾತ್ರ ಬೇರೆ. ಆ ಕುರ್ಚಿಯ ಒಡತಿಯನ್ನು ಬಾಗಿಲಲ್ಲೇ ತಡೆದು ವಾಪಸ್ ಕಳಿಸಿದವಳು ನಾನು.

ನನ್ನ ಬಗ್ಗೆ ಎರಡು ಮಾತು ಹೇಳಿಬಿಡುತ್ತೇನೆ. ಹದಿನಾಲ್ಕು ವರ್ಷ ದೊಡ್ಡ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದವಳು. ಮಂಡಿ ಕೈಕೊಟ್ಟ ಮೇಲೆ ಇಲ್ಲಿ ಸೇರಿದೆ. ಪಾರ್ಶ್ವವಾಯು ಹೊಡೆದು, ಇಲ್ಲವೇ ಸೊಂಟ ಮುರಿದು ಹಾಸಿಗೆ ಹಿಡಿದವರನ್ನು ಮನೆಯಲ್ಲೇ ನೋಡಿಕೊಳ್ಳುವ ಕೆಲಸವನ್ನು ಸುತ್ತಮುತ್ತಲ ಬೀದಿಗಳ ಹೆಂಗಸರಿಗೆ ಕಲಿಸುತ್ತೇನೆ. ಕಲಿತವರನ್ನು ಅದೇ ಬೀದಿಗಳ ಮನೆಗಳಿಗೆ ಸಂಸ್ಥೆಯೇ ಸಂಬಳ ಕೊಟ್ಟು ಕಳಿಸುತ್ತದೆ. ಕೆಲಸ ಬಿಟ್ಟು ಮನೆಯಲ್ಲಿ ಕೂರಲಾಗದ ಮಗಳು ನೆಮ್ಮದಿಯಾಗಿ ದುಡಿಯಲು ಹೋಗಬಹುದು, ಹಾಸಿಗೆಯಲ್ಲಿರುವ ಅಪ್ಪನ ಬೆನ್ನು ಹುಣ್ಣಾಗುವುದು ತಪ್ಪುತ್ತದೆ, ಅಲ್ಲಿಯವರೆಗೆ ಅಡುಗೆಮನೆ ಬಿಟ್ಟು ಹೊರಬರದವಳ ಕೈಗೆ ಒಂದು ಉದ್ಯೋಗ ಸಿಗುತ್ತದೆ. ಮನೆಯವರ ಜೊತೆ ಬೆಳಗಿನ ತಿಂಡಿಯ ಹೊತ್ತಿನಲ್ಲಿ ನನ್ನ ಕೆಲಸದ ಬಗ್ಗೆ ಹೇಳಿಕೊಂಡು ಬೀಗುವ ಚಾಳಿಯೂ ನನಗಿದೆ. "ಆಯ್ತಮ್ಮ, ಲೋಕ ಉದ್ಧಾರ ಮಾಡು, ಮೊದಲು ಟೀ ಕುಡಿ" ಎಂದು ನನ್ನ ಗಂಡ ಕಾಲೆಳೆಯುತ್ತಾರೆ.

ಈಗ ಆ ಕುರ್ಚಿಯ ಅಕ್ಕನ ವಿಷಯ. ವಯಸ್ಸು ಐವತ್ತರ ಆಸುಪಾಸು. ಬೆಳಿಗ್ಗೆ ಆರರಿಂದ ಹನ್ನೆರಡರವರೆಗೆ ಎರಡು ಅಪಾರ್ಟ್‌ಮೆಂಟ್ ಕಟ್ಟಡಗಳ ಮೆಟ್ಟಿಲು ಒರೆಸುವ ಕೆಲಸ. ಎಷ್ಟು ತೊಳೆದರೂ ಬೆರಳುಗಳಿಂದ ಫಿನಾಯಿಲ್ ವಾಸನೆ ಹೋಗದು. ಮಧ್ಯಾಹ್ನ ಎರಡಕ್ಕೆ ಮುಖ ತೊಳೆದು, ತಲೆ ಬಾಚಿಕೊಂಡು, ಬಟ್ಟೆಯ ಚೀಲದಲ್ಲಿ ಒಂದು ನೋಟ್‌ಬುಕ್ಕು, ಒಂದು ನೀರಿನ ಬಾಟಲಿ ಇಟ್ಟುಕೊಂಡು ಯಾವುದಾದರೊಂದು ತರಬೇತಿಗೆ ಹಾಜರ್. ನಾನು ಸೇರುವ ಮೊದಲೇ ಅವರು ಹೊಲಿಗೆ, ಮೇಣದಬತ್ತಿ, ಕಂಪ್ಯೂಟರ್, ಬ್ಯೂಟೀಶಿಯನ್, ಅಣಬೆ ಬೆಳೆಸುವುದು, ಕಾಗದದ ಚೀಲ, ನಲ್ಲಿ ರಿಪೇರಿ ಎಲ್ಲವನ್ನೂ ಕಲಿತಾಗಿತ್ತು. ಬರೀ ನಮ್ಮಲ್ಲಲ್ಲ, ಆಚೆ ಬೀದಿಯ ಇನ್ನೆರಡು ಸಂಸ್ಥೆಗಳಲ್ಲೂ. ಪ್ರಮಾಣಪತ್ರಗಳು ಹನ್ನೊಂದಿದ್ದವು. ಹೊಲಿಗೆಯವರು ಕೊಟ್ಟ ಕತ್ತರಿ ಇನ್ನೂ ಪ್ಯಾಕೆಟ್ಟಿನಲ್ಲೇ ಇತ್ತು. ಮೆಟ್ಟಿಲು ಒರೆಸುವುದನ್ನು ಬಿಟ್ಟು ಬೇರೆ ಕೆಲಸ ಹಿಡಿದವರಲ್ಲ.

ಹಾಗಾದರೆ ಪ್ರತಿ ಸಲ ಸೇರಿಸಿಕೊಂಡದ್ದೇಕೆ? ಸಂಸ್ಥೆಗಳ ಕಷ್ಟ ಸಂಸ್ಥೆಗಳಿಗೆ. ತರಗತಿ ಶುರುವಾಗಬೇಕಾದರೆ ಇಪ್ಪತ್ತು ಜನ ಬೇಕೇ ಬೇಕು. ಹತ್ತೊಂಬತ್ತಕ್ಕೆ ನಿಂತಾಗ ಎಲ್ಲರಿಗೂ ಮೊದಲು ನೆನಪಾಗುತ್ತಿದ್ದವರು ಅವರೇ.

ನನ್ನ ತರಗತಿಯಲ್ಲೇ ಮೂರು ಸಲ ಕೂತಿದ್ದರು. ಮೂರೂ ಸಲ ಅದೇ ಕಿಟಕಿ ಪಕ್ಕದ ಕುರ್ಚಿ. ಸರಿಯಾಗಿ ನಾನು ಪಾಠದ ಲಹರಿಯಲ್ಲಿದ್ದಾಗ ಅವರ ಕೈ ಮೇಲೇಳುತ್ತಿತ್ತು.

"ಇನ್ನೊಂದ್ಸಲ ಹೇಳಿ ಮೇಡಂ, ನಂಗೆ ತಿಳೀಲಿಲ್ಲ."

ದಿನಕ್ಕೆ ಏನಿಲ್ಲವೆಂದರೂ ಏಳೆಂಟು ಸಲ ಈ ಮಾತು ಬರುತ್ತಿತ್ತು. ಹೆಂಗಸರು ಅವರಿಗೆ 'ಇನ್ನೊಂದ್ಸಲ ಅಕ್ಕ' ಎಂದೇ ಹೆಸರಿಟ್ಟಿದ್ದರು. ಅಕ್ಕನೂ ಆ ಹೆಸರಿಗೆ ಓಗೊಡುತ್ತಿದ್ದರು. ಕೇಳುತ್ತಿದ್ದ ಪ್ರಶ್ನೆಗಳೋ, ನನ್ನ ಪಿತ್ತ ನೆತ್ತಿಗೇರುವಂಥವು. ರೋಗಿಗೆ ಬಾಯಲ್ಲಿ ಏನಾದರೂ ಕೊಡುವಾಗ ಬೆನ್ನು, ತಲೆ ಕನಿಷ್ಠ ಅರವತ್ತು ಡಿಗ್ರಿ ಮೇಲೆತ್ತಿರಬೇಕು, ಇಲ್ಲದಿದ್ದರೆ ನೀರು ಶ್ವಾಸಕೋಶಕ್ಕೆ ಇಳಿಯುತ್ತದೆ ಎಂದು ನಾನು ಚಿತ್ರ ಬರೆದು ವಿವರಿಸುತ್ತಿದ್ದರೆ, ಎರಡನೇ ಸಾಲಿನಿಂದ ಕೈ.

"ಮೇಡಂ, ಅರವತ್ತು ಡಿಗ್ರಿ ಅಂದ್ರೆ ಎಷ್ಟು ದಿಂಬು?"

ಕೋಣೆ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ. ಆಮೇಲೆ ಸಿಡುಕಿನಿಂದಲೇ, "ಮೂರು ದಿಂಬು. ಬೆನ್ನ ಹಿಂದೆ ಗಟ್ಟಿ ದಿಂಬು ಎರಡು, ತಲೆಗೆ ಒಂದು. ಜಾರದ ಹಾಗೆ ಮಂಡಿ ಕೆಳಗೆ ಮಡಚಿದ ಚಾದರ. ಆಯ್ತಾ?" ಎಂದೆ.

"ಇನ್ನೊಂದ್ಸಲ ಹೇಳಿ ಮೇಡಂ."

ಹಲ್ಲು ಕಚ್ಚಿಕೊಂಡು ಮತ್ತೆ ಹೇಳಿದೆ. ಮುಂದಿನ ಬ್ಯಾಚಿನಲ್ಲೂ ಅದೇ ಪಾಠಕ್ಕೆ ಅದೇ ಪ್ರಶ್ನೆ. ಮೂರನೆಯದರಲ್ಲೂ ಅದೇ. ಪಾಪ, ದಡ್ಡಿ, ಒಂದು ಕಿವಿಯಲ್ಲಿ ಹೋದದ್ದು ಇನ್ನೊಂದು ಕಿವಿಯಲ್ಲಿ ಹೊರಬಂದುಬಿಡುತ್ತದೆ ಎಂದುಕೊಂಡೆ. ಮನೆಯಲ್ಲಿ ಅದನ್ನು ಅಣಕಿಸಿ ತೋರಿಸಿ ನಗಿಸಿದ್ದೂ ಉಂಟು. ಈಗ ನೆನೆದರೆ ನಾಚಿಕೆಯಾಗುತ್ತದೆ.

ಕಳೆದ ವರ್ಷ ಹೊಸ ನಿಯಮ ಬಂತು. ಒಬ್ಬರಿಗೆ ಒಂದು ತರಬೇತಿ ಒಂದೇ ಸಲ. ನ್ಯಾಯವಾದ ನಿಯಮವೇ. ಸತ್ಯ ಹೇಳಬೇಕೆಂದರೆ ಅದನ್ನು ಓದಿದಾಗ ನನಗೆ ಹಾಯೆನಿಸಿತು. ಹೊಸ ಬ್ಯಾಚಿನ ಮೊದಲ ದಿನ ಅಕ್ಕ ಎಂದಿನಂತೆ ಚೀಲ ಹಿಡಿದು ಬಂದರು. ಬಾಗಿಲಲ್ಲೇ ನಿಲ್ಲಿಸಿದೆ.

"ಅಕ್ಕ, ಈ ಸಲ ನಿಮಗೆ ಜಾಗ ಇಲ್ಲ."

"ಕುರ್ಚಿ ಖಾಲಿ ಕಾಣ್ತಿದೆಯಲ್ಲ ಮೇಡಂ?"

"ಖಾಲಿ ಇದೆ ಅಂತ ಕೂತುಬಿಡಕ್ಕಾಗುತ್ತಾ? ಮೂರು ಸಲ ಇದೇ ಪಾಠ ಕೇಳಿದೀರಿ. ಇನ್ನೂ ತಲೆಗೆ ಹತ್ತಿಲ್ಲ ಅಂದ್ರೆ ನಾನೇನು ಮಾಡ್ಲಿ? ಕಲಿಯೋ ಆಸೆ ಇರೋ ಒಬ್ಬಳ ಜಾಗ ನಿಮ್ಮಿಂದ ಹೋಗುತ್ತೆ."

ಹಿಂದೆ ಹತ್ತಾರು ಹೆಂಗಸರು ನಿಂತಿದ್ದರು. ಅಕ್ಕನ ಮುಖ ಸಣ್ಣದಾಯಿತು. ಕಿಟಕಿಯ ಕಡೆ ಒಮ್ಮೆ ನೋಡಿದರು. "ಸರಿ ಮೇಡಂ" ಎಂದರು. ತಿರುಗಿ ಹೊರಟವರು, ತಮ್ಮ ಬೆನ್ನಿಗೆ ಅಂಟಿಕೊಂಡಂತೆ ನಿಂತಿದ್ದ ಸಣಕಲು ಹುಡುಗಿಯೊಬ್ಬಳ ಭುಜ ಮುಟ್ಟಿ, "ಹೋಗು ಪುಟ್ಟಿ, ಕಿಟಕಿ ಹತ್ರ ಕೂತ್ಕೋ. ಗಾಳಿ ಚೆನ್ನಾಗಿ ಬರುತ್ತೆ" ಎಂದು ಹೇಳಿ ಮೆಟ್ಟಿಲಿಳಿದು ಹೋದರು.

ಆ ಹುಡುಗಿಗೆ ಪುಟ್ಟಿ ಎಂಬ ಹೆಸರೇ ಅಂಟಿತು. ಇಪ್ಪತ್ತೆರಡು ವಯಸ್ಸು, ಏಳನೇ ತರಗತಿಗೆ ಶಾಲೆ ಬಿಟ್ಟವಳು. ಅಲ್ಲಿಯವರೆಗೆ ರಟ್ಟಿನ ಡಬ್ಬಗಳಿಗೆ ಟೇಪು ಸುತ್ತುವ ಶೆಡ್ಡಿನಲ್ಲಿ ಕೆಲಸ ಮಾಡಿದ್ದಳು. ಬಾಯಿ ಬಿಟ್ಟರೆ ಮುತ್ತು ಉದುರೀತು ಎನ್ನುವಷ್ಟು ಮೌನ.

ಆ ಬ್ಯಾಚು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಸಾಗಿತು. ಯಾರೂ ಅಡ್ಡ ಬಾಯಿ ಹಾಕಲಿಲ್ಲ. ನಾನು "ಅರ್ಥ ಆಯ್ತಾ?" ಎಂದರೆ ಇಪ್ಪತ್ತೂ ತಲೆಗಳು ಒಟ್ಟಿಗೆ ಆಡುತ್ತಿದ್ದವು. ಪಾಠ ಎರಡು ದಿನ ಮೊದಲೇ ಮುಗಿಯಿತು. ತಪಾಸಣೆಗೆ ಬಂದಿದ್ದ ಅಧಿಕಾರಿ ಕೊನೆಯ ಸಾಲಿನಲ್ಲಿ ಕೂತು ನೋಡಿ, ಎಷ್ಟು ಶಿಸ್ತು, ಎಷ್ಟು ಗಮನ ಎಂದು ಬರೆದುಕೊಂಡು ಹೋದರು. ಆ ಹೊಗಳಿಕೆಯ ಗುಂಗಿನಲ್ಲಿ ನಾನು ಒಂದು ವಾರ ನೆಲದ ಮೇಲೆ ಇರಲಿಲ್ಲ.

ಪುಟ್ಟಿಯನ್ನು ಕಳಿಸಿದ್ದು ಬೇಕರಿಯಲ್ಲಿ ಕೆಲಸ ಮಾಡುವ ಹೆಂಗಸೊಬ್ಬಳ ಮನೆಗೆ. ಅವಳ ಅಪ್ಪ ಹಿಂದೆ ಕಾರು ಓಡಿಸುವುದನ್ನು ಕಲಿಸುತ್ತಿದ್ದವರು. ಪಾರ್ಶ್ವವಾಯು ಬಡಿದು ಬಲಗೈ, ಬಲಗಾಲು ಹೋಗಿತ್ತು. ಗಂಟಲೂ ಹದ ತಪ್ಪಿತ್ತು. ನುಂಗುವುದು ಕಷ್ಟ, ಮಾತು ತೊದಲು. ಮೂರನೇ ವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ನನ್ನ ಫೋನು ಬಡಿದುಕೊಂಡಿತು. ಬೇಕರಿಯವಳು.

"ಅಪ್ಪನಿಗೆ ನೀರು ಕುಡಿಸ್ತಿದ್ಲಂತೆ, ನೆತ್ತಿಗೆ ಹತ್ತಿ ಮುಖ ನೀಲಿ ಆಗೋಯ್ತಂತೆ. ಆಸ್ಪತ್ರೆಗೆ ಹಾಕಿದೀವಿ. ಕಲಿಸಿ ಕಳಿಸ್ತೀವಿ ಅಂದ್ರಲ್ಲ ಮೇಡಂ, ಇದೇನಾ ನೀವು ಕಲಿಸಿದ್ದು?"

ಮಂಡಿನೋವು ಮರೆತು ಆಸ್ಪತ್ರೆಗೆ ಓಡಿದೆ. ಅಜ್ಜನ ಜೀವಕ್ಕೆ ಅಪಾಯವಿರಲಿಲ್ಲ. ಉಸಿರು ಕಟ್ಟಿದ ಕೂಡಲೇ ಪುಟ್ಟಿ ಅವರನ್ನು ಪಕ್ಕಕ್ಕೆ ಹೊರಳಿಸಿ, ಬೆನ್ನು ಬಡಿದು, ಕೂಗಿ ಜನ ಸೇರಿಸಿದ್ದಳು. ಅಷ್ಟು ಮಾತ್ರ ನೆಟ್ಟಗೆ ಕಲಿತಿದ್ದಳು. ಶ್ವಾಸಕೋಶಕ್ಕೆ ನೀರು ಇಳಿದಿರಬಹುದೆಂದು ನಾಲ್ಕು ದಿನ ಅಲ್ಲೇ ಇಟ್ಟುಕೊಂಡರು.

ಪುಟ್ಟಿಯನ್ನು ಕರೆದುಕೊಂಡು ಆ ಮನೆಗೆ ಹೋದೆ. ಒಂದೇ ಕೋಣೆ. ಗೋಡೆಗೆ ಮಂಚ. ಮಂಚದ ತಲೆಯ ಕಡೆ ಒಂದೇ ಒಂದು ದಿಂಬು, ಅದೂ ನಡುವೆ ಕುಸಿದು ಚಪ್ಪಟೆಯಾಗಿತ್ತು.

"ಇಷ್ಟೇ ಎತ್ತಿದ್ದಾ?"

ಪುಟ್ಟಿ ಆ ದಿಂಬನ್ನು ಎತ್ತಿ, ತಟ್ಟಿ, ಮತ್ತೆ ಅಲ್ಲೇ ಇಟ್ಟಳು.

"ಅರವತ್ತು ಡಿಗ್ರಿ ಅಂತ ಬಡ್ಕೊಂಡಿದ್ದೆನಲ್ಲ ಪುಟ್ಟಿ! ಅವತ್ತು ಅರ್ಥ ಆಯ್ತಾ ಅಂದಾಗ ತಲೆ ಆಡಿಸಿದ್ದೆಯಲ್ಲ!"

ಅವಳು ಈಗಲೂ ತಲೆ ಆಡಿಸಿದಳು. ಮೂರು ಸಲ. ಕಣ್ಣಿಂದ ನೀರು ದಳದಳ ಇಳಿಯುತ್ತಿತ್ತು. ನಾನು ಇನ್ನೂ ನಾಲ್ಕು ಮಾತು ಬೈದು ಬಂದೆ.

ನಮ್ಮ ನಿರ್ದೇಶಕಿಯನ್ನು ನಾವೆಲ್ಲ ದೊಡ್ಡ ಮೇಡಂ ಎನ್ನುತ್ತೇವೆ. ಕೂಗಾಡುವವರಲ್ಲ, ಅದೇ ಭಯ. "ಉಳಿದ ಹತ್ತೊಂಬತ್ತು ಜನರನ್ನೂ ವಾಪಸ್ ಕರೀರಿ" ಎಂದರು. "ಒಂದು ವಾರ ಟೈಮ್ ತಗೊಳ್ಳಿ. ಯಾರಿಗೆ ಏನು ಬರುತ್ತೆ, ಏನು ಬರಲ್ಲ ನೋಡಿ. ಸರಿ ಹೋಗಲ್ಲ ಅನ್ಸಿದ್ರೆ ಈ ತರಬೇತಿ ನಿಲ್ಲಿಸಿಬಿಡೋಣ. ನಾವು ಒಳ್ಳೇದು ಮಾಡ್ತೀವಿ ಅಂತ ಹೊರಟು ಇನ್ನೊಬ್ಬರ ಅಪ್ಪನ ಜೀವದ ಜೊತೆ ಆಟ ಆಡಕ್ಕಾಗಲ್ಲ. ಆ ಹುಡುಗಿನಂತೂ ಕೆಲಸದಿಂದ ತೆಗೆದುಬಿಡಿ."

ಮಾರನೇ ದಿನ ಪುಟ್ಟಿಯೊಬ್ಬಳನ್ನು ಬಿಟ್ಟು ಎಲ್ಲರನ್ನೂ ಕರೆಸಿದೆ. ತರಬೇತಿ ಕೋಣೆಯ ಮೂಲೆಯಲ್ಲಿ ಒಂದು ಮಂಚವಿದೆ, ಪಕ್ಕದಲ್ಲಿ ದಿಂಬುಗಳ ರಾಶಿ. "ಒಬ್ಬೊಬ್ಬರೇ ಬಂದು ಅರವತ್ತು ಡಿಗ್ರಿ ಮಾಡಿ ತೋರಿಸಿ" ಎಂದೆ. ಒಬ್ಬಳು ಒಂದು ದಿಂಬಿಟ್ಟಳು. ಒಬ್ಬಳು ಆರು ಪೇರಿಸಿದಳು. ಇನ್ನೊಬ್ಬಳು ಗೆಳತಿಯ ಮುಖ ನೋಡಿ, ಅವಳು ಮಾಡಿದಂತೆಯೇ ಮಾಡಿದಳು. ಹತ್ತೊಂಬತ್ತರಲ್ಲಿ ಹದಿಮೂರು ಜನ ತಪ್ಪು. ಅಷ್ಟು ದಿನ ಕೋಲೆ ಬಸವನ ಹಾಗೆ ಗೋಣು ಆಡಿಸಿದವರೆಲ್ಲ ನೆಲ ನೋಡುತ್ತ ನಿಂತಿದ್ದರು. ಪುಟ್ಟಿಯೊಬ್ಬಳದೇ ತಪ್ಪಾಗಿದ್ದರೆ ನನಗೆ ಎಷ್ಟೋ ಸಮಾಧಾನವಿರುತ್ತಿತ್ತು.

ತಲೆ ಕೆಟ್ಟು ಹೊರಗೆ ಬಂದರೆ, ಹಿಂದಿನ ಬ್ಯಾಚಿನ ಹೆಂಗಸೊಬ್ಬಳು ಕೈಗವಸು ಒಯ್ಯಲು ಬಂದು ಕಾಯುತ್ತಿದ್ದಳು. ಯಾವುದೋ ಆಸೆಯಿಂದ ಅವಳನ್ನೇ ಕೇಳಿದೆ. "ಅರವತ್ತು ಡಿಗ್ರಿ ಅಂದ್ರೆ ಎಷ್ಟಮ್ಮ?"

"ಮೂರು ದಿಂಬು ಮೇಡಂ!" ಎಂದಳು ನಗುತ್ತ. "ಇನ್ನೊಂದ್ಸಲ ಅಕ್ಕ ಕೇಳಿದ್ರಲ್ಲ, ಎಲ್ಲರೂ ಬಿದ್ದು ಬಿದ್ದು ನಕ್ಕಿದ್ವಿ. ಅದನ್ನ ಹೇಗೆ ಮರೀತೀವಿ? ನಿಜ ಹೇಳ್ಬೇಕಂದ್ರೆ ನಂಗೂ ಗೊತ್ತಿರಲಿಲ್ಲ. ಕೇಳೋಕೆ ನಾಚಿಕೆ. ಅವರು ಕೇಳಿದ್ದಕ್ಕೆ ಬಚಾವಾದೆ."

ನಾನು ಗೋಡೆಗೆ ಒರಗಿ ನಿಂತುಬಿಟ್ಟೆ.

ಮರುದಿನ ಬೆಳಿಗ್ಗೆ ಎಂಟಕ್ಕೆ ಅಪಾರ್ಟ್‌ಮೆಂಟ್ ಹುಡುಕಿಕೊಂಡು ಹೋದೆ. ಮೂರನೇ ಮಹಡಿಯ ಮೆಟ್ಟಿಲಲ್ಲಿ ಅಕ್ಕ ಮಂಡಿಯೂರಿ ಒರೆಸುತ್ತಿದ್ದರು. ನನ್ನನ್ನು ಕಂಡು ಆಶ್ಚರ್ಯಪಟ್ಟಂತೆ ಕಾಣಲಿಲ್ಲ.

"ಆ ಮೆಟ್ಟಿಲು ಒದ್ದೆ ಇದೆ ಮೇಡಂ. ಮೇಲಿನದ್ರಲ್ಲಿ ಕೂತ್ಕೊಳ್ಳಿ, ಒಣಗಿದೆ."

ಕೂತೆ. ಅವರು ಒರೆಸುವುದನ್ನು ನಿಲ್ಲಿಸಲಿಲ್ಲ. ನಡೆದದ್ದನ್ನೆಲ್ಲ ಹೇಳಿದೆ. ಅಜ್ಜನ ವಿಷಯಕ್ಕೆ ಬಂದಾಗ ಮಾತ್ರ ಅವರ ಕೈ ನಿಂತಿತು. ಉಸಿರಾಡುತ್ತಿದ್ದಾರೆಯೇ, ಪುಟ್ಟಿ ಹೇಗಿದ್ದಾಳೆ ಎಂದು ಕೇಳಿಕೊಂಡರು.

"ಅಕ್ಕ, ಮೂರು ದಿಂಬು ಅಂತ ನಿಮಗೆ ಗೊತ್ತಿತ್ತಾ?"

"ಮೊದಲನೇ ಸಲ ನೀವು ಹೇಳಿದ್ರಲ್ಲ, ಅವತ್ತಿಂದ ಗೊತ್ತು."

"ಮತ್ಯಾಕೆ ಮೂರೂ ಸಲ ಕೇಳಿದ್ರಿ?"

"ಮೂರೂ ಸಲ ನೀವು ಡಿಗ್ರಿ ಅಂತಲೇ ಅಂದ್ರಿ. ದಿಂಬು ಅಂತ ನೀವಾಗಿ ಒಂದು ಸಲಾನೂ ಹೇಳಲಿಲ್ಲ. ಸುತ್ತ ನೋಡಿದೆ, ಎಲ್ಲಾ ತಲೆ ಆಡಿಸ್ತಿದ್ರು." ಬಟ್ಟೆ ಹಿಂಡಿ ಬಕೆಟ್ಟಿನ ಅಂಚಿಗೆ ಹಾಕಿದರು. "ತಿಳಿದು ತಲೆ ಆಡಿಸೋರು ಒಂದು ಸಲ ಆಡಿಸ್ತಾರೆ ಮೇಡಂ. ತಿಳೀದೆ ಇರೋರು ಎರಡು ಮೂರು ಸಲ ಆಡಿಸ್ತಾರೆ. ನೀವು ಬೋರ್ಡ್ ಕಡೆ ತಿರುಗಿರ್ತೀರಿ, ನಿಮಗೆ ಕಾಣಲ್ಲ. ಕಿಟಕಿ ಹತ್ರ ಕೂತ್ರೆ ಎಲ್ಲರ ಮುಖಾನೂ ಕಾಣುತ್ತೆ."

ಹದಿನಾಲ್ಕು ವರ್ಷದ ನರ್ಸ್ ನಾನು, ರೋಗಿಯ ಉಗುರಿನ ಬಣ್ಣ ನೋಡಿ ರೋಗ ಹೇಳುತ್ತಿದ್ದವಳು. ಮೂರು ಸಲ ಆಡಿದ ಪುಟ್ಟಿಯ ತಲೆ ಕಣ್ಣ ಮುಂದೆ ಬಂತು.

"ಯಾಕಕ್ಕ? ನಿಮಗೇನು ಸಿಗುತ್ತೆ ಅದರಿಂದ?"

ಅವರು ನನ್ನ ಕೆಳಗಿನ ಮೆಟ್ಟಿಲಲ್ಲಿ ಕೂತರು.

"ನನ್ನ ಮಗಳಿಗೆ ನಾಲ್ಕು ವರ್ಷ ಇದ್ದಾಗ ಕಿವಿ ಸೋರ್ತಿತ್ತು. ಡಾಕ್ಟ್ರು ಔಷಧಿ ಕೊಟ್ಟು, ಕೋರ್ಸ್ ಪೂರ್ತಿ ಮುಗಿಸ್ಬೇಕಮ್ಮ ಅಂದ್ರು. ಕೋರ್ಸ್ ಅಂದ್ರೆ ಏನು ಅಂತ ನಂಗೆ ಗೊತ್ತಿರಲಿಲ್ಲ. ಹಿಂದೆ ಇಷ್ಟುದ್ದ ಕ್ಯೂ. ತಲೆ ಆಡಿಸಿಬಿಟ್ಟೆ. ನಾಲ್ಕು ದಿನಕ್ಕೆ ಸೋರೋದು ನಿಲ್ತು, ನಾನೂ ಔಷಧಿ ನಿಲ್ಲಿಸ್ದೆ. ಬಾಟ್ಲಿಯಲ್ಲಿ ಅರ್ಧ ಹಾಗೇ ಇತ್ತು. ಆಮೇಲೆ ಮತ್ತೆ ಶುರುವಾಯ್ತು, ಒಳಗೊಳಗೇ ತಿಂದುಹಾಕ್ತು." ಬಕೆಟ್ಟನ್ನು ಪಕ್ಕಕ್ಕೆ ಸರಿಸಿದರು. "ಈಗ ಅವಳಿಗೆ ಇಪ್ಪತ್ತಾರು. ಎಡಗಿವಿ ಕೇಳಲ್ಲ. ಯಾರ ಜೊತೆ ನಡೆದ್ರೂ ಬಲಗಿವಿ ಅವರ ಕಡೆ ಬರೋ ಹಾಗೆ ನಡೀತಾಳೆ. ನನ್ನ ಜೊತೆನೂ ಹಾಗೇ. ಒಂದು ದಿನಾನೂ ನನ್ನ ದೂರಿಲ್ಲ."

ಕೆಳಗಿನ ಮಹಡಿಯಲ್ಲಿ ಯಾರೋ ಬಾಗಿಲು ಹಾಕಿಕೊಂಡು ಹೋದರು.

"ಅವತ್ತು ಕ್ಯೂನಲ್ಲಿ ನನ್ನ ಪಕ್ಕ ನಿಂತಿದ್ದೋರು ಯಾರಾದ್ರೂ, ಕೋರ್ಸ್ ಅಂದ್ರೇನು ಡಾಕ್ಟ್ರೇ ಅಂತ ಕೇಳಿದ್ರೆ ಸಾಕಿತ್ತು ಮೇಡಂ. ಅಷ್ಟೇ."

ನನಗೆ ಅಳು ಬಂತು. ತಡೆಯಲು ಹೋಗಲಿಲ್ಲ. "ಎಲ್ಲರೆದುರು ನಿಮಗೆ ಹಾಗಂದೆ. ಹೊಟ್ಟೆಗೆ ಹಾಕ್ಕೊಳ್ಳಿ ಅಕ್ಕ" ಎಂದೆ.

"ಹಾಕ್ಕೊಂಡೆ ಬಿಡಿ. ತಲೆಗೆ ಹತ್ತಿಲ್ಲ ಅಂದ್ರಲ್ಲ, ಅದು ಮಾತ್ರ ಚುಚ್ಚಿತು. ಎರಡು ದಿನ ಊಟ ಸೇರಲಿಲ್ಲ."

"ಎಲ್ಲರೆದುರು ಅಂದಿದ್ದು, ಎಲ್ಲರೆದುರೇ ತಪ್ಪಾಯ್ತು ಅಂತೀನಿ. ನೀವು ಯಾಕೆ ಕೇಳ್ತಿದ್ರಿ ಅಂತಲೂ ಹೇಳ್ತೀನಿ."

"ಅಯ್ಯೋ, ಬೇಡ!" ಅಕ್ಕ ಗಾಬರಿಯಾದರು. "ಹಾಗೆ ಹೇಳಿದ್ರೆ ಗುಟ್ಟು ರಟ್ಟಾಗಲ್ವಾ? ನನಗೆ ಎಲ್ಲಾ ಗೊತ್ತು ಅಂತ ತಿಳಿದ್ರೆ ಆಮೇಲೆ ನನ್ನ ಮುಂದೂ ತಲೆ ಆಡಿಸ್ತಾರೆ. ದಡ್ಡಿ ಅಂತಲೇ ಇರ್ಲಿ. ದಡ್ಡಿ ಪಕ್ಕ ಕೂತ್ರೆ ಎಲ್ಲರಿಗೂ ಧೈರ್ಯ."

ಸಂಬಳ ಕೊಟ್ಟು ಸಹಾಯಕಿ ಮಾಡಿಕೊಳ್ಳುತ್ತೇವೆ, ನನ್ನ ಪಕ್ಕ ನಿಂತು ಕಲಿಸಿ ಎಂದೆ. ಕೈ ಮುಗಿದರು. ಮುಂದೆ ನಿಂತರೆ ತಾನೂ ಬೋರ್ಡ್ ಕಡೆ ತಿರುಗಿಬಿಡುತ್ತೇನೆ ಎಂಬ ಭಯವಂತೆ. ಅವರು ಕೇಳಿದ್ದು ಎರಡೇ. ನಾನು 'ಅರ್ಥ ಆಯ್ತಾ' ಎಂದು ಕೇಳುವುದನ್ನು ಬಿಡಬೇಕು, ಆ ಪ್ರಶ್ನೆಗೆ ಇಲ್ಲ ಎನ್ನುವ ಗಂಡೆದೆ ಯಾರಿಗೂ ಇರುವುದಿಲ್ಲ. ಎರಡನೆಯದು, ಪುಟ್ಟಿಯನ್ನು ಕೈಬಿಡಬಾರದು. "ತಪ್ಪು ಅವಳದಲ್ಲ ಮೇಡಂ" ಎಂದರು. ಯಾರದೆಂದು ಹೇಳಲಿಲ್ಲ, ಅದು ಅವರ ದೊಡ್ಡತನ.

ದೊಡ್ಡ ಮೇಡಂ ಹತ್ತಿರ ಹೋಗಿ ಅಕ್ಕನನ್ನು ಸೇರಿಸಿಕೊಳ್ಳಬೇಕೆಂದೆ. "ನಿಯಮ ಇದೆಯಲ್ಲ, ಅವರು ಕಲಿತಾಗಿದೆ" ಎಂದರು. "ಅವರು ಕಲಿಯೋಕೆ ಬರ್ತಿಲ್ಲ, ನನಗೆ ಕಲಿಸೋಕೆ ಬರ್ತಿದಾರೆ" ಎಂದು ಇಡೀ ಕಥೆ ಹೇಳಿದೆ. ಅವರು ಪೆನ್ನಿಗೆ ಮುಚ್ಚಳ ಹಾಕಿ ಪಕ್ಕಕ್ಕಿಟ್ಟರು. ಕೊನೆಗೆ, "ಸರಿ. ಹುಡುಗೀನೂ ಕರೀರಿ. ಆದ್ರೆ ವಾರದ ಕೊನೆಗೆ ನಾನೇ ಬಂದು ನೋಡ್ತೀನಿ" ಎಂದರು.

ಅಂತೂ ಮತ್ತೆ ತರಗತಿ ಶುರುವಾಯಿತು. ಅಕ್ಕ ಒಳಗೆ ಬಂದ ಕೂಡಲೇ ಪುಟ್ಟಿ ಕಿಟಕಿ ಪಕ್ಕದಿಂದ ಎದ್ದು, ಹಿಂದಿನ ಸಾಲಿಗೆ ಹೋಗಿ ಒಂದು ಸ್ಟೂಲು ಹಾಕಿಕೊಂಡಳು. ಅಕ್ಕ ಕೂತರು. ಅರ್ಧ ಗಂಟೆಯೊಳಗೆ ಕೈ ಮೇಲೆದ್ದಿತು. ಈ ಸಲ ನಾನು ಬೋರ್ಡ್ ಕಡೆ ತಿರುಗಿರಲಿಲ್ಲ. ಅವರು ಕೇಳಿದ ಕೂಡಲೇ ಎಷ್ಟು ಮುಖಗಳು ಸಡಿಲಾದವು ಎಂಬುದನ್ನು ಕಣ್ಣಾರೆ ಕಂಡೆ.

ನಾಲ್ಕನೇ ದಿನ ಊಟ ಕೊಡುವ ಪಾಠ. ನಾನೇ ಮೊದಲು ಮೂರು ದಿಂಬು ಎಂದುಬಿಟ್ಟೆ. ಅಕ್ಕನಿಗೆ ಕೆಲಸವೇ ಉಳಿಯಲಿಲ್ಲವೆಂದು ಒಳಗೊಳಗೇ ಹೆಮ್ಮೆ ಪಟ್ಟುಕೊಂಡೆ. ಎಲ್ಲರೂ ಸರದಿಯ ಮೇಲೆ ಬಂದು ದಿಂಬು ಜೋಡಿಸಿದರು. ಎಲ್ಲರದೂ ಸರಿ. ಆಗ ಹಿಂದಿನ ಸಾಲಿನಲ್ಲಿ ಒಂದು ಕೈ ಅರ್ಧ ಎದ್ದು, ಇಳಿದು, ಮತ್ತೆ ಎದ್ದಿತು.

"ಮೇಡಂ," ಪುಟ್ಟಿಯ ದನಿ ಕೇಳಿಸಿತೋ ಇಲ್ಲವೋ ಎನ್ನುವಂತಿತ್ತು. "ಮನೇಲಿ ದಿಂಬು ಒಂದೇ ಇದ್ರೆ?"

ಯಾರೂ ನಗಲಿಲ್ಲ. ನನ್ನ ಕಣ್ಣ ಮುಂದೆ ಆ ಮನೆ ಬಂದು ನಿಂತಿತು. ನಾನು ನೋಡಿದ್ದು ಬರೀ ಮಂಚ. ಆ ಕೋಣೆಯ ಮೂಲೆಯಲ್ಲಿ ಒಂದು ಚಾಪೆ ಸುತ್ತಿಟ್ಟಿತ್ತು, ಅದರ ಪಕ್ಕ ಹಳೆಯ ಬಟ್ಟೆಗಳ ಒಂದು ಗಂಟು. ಬೇಕರಿಯವಳು ರಾತ್ರಿ ತಲೆಗೆ ಇಟ್ಟುಕೊಳ್ಳುವುದು ಆ ಗಂಟನ್ನು. ಮನೆಯಲ್ಲಿದ್ದ ಒಂದೇ ದಿಂಬನ್ನು ಅಪ್ಪನಿಗೆ ಕೊಟ್ಟಿದ್ದಳು. ಪುಟ್ಟಿ ಇದ್ದದ್ದನ್ನೆಲ್ಲ ಇಟ್ಟಿದ್ದಳು. ನಾನು ಅಲ್ಲೇ ನಿಂತು ಅವಳಿಗೆ ಬೈದಿದ್ದೆ.

ಅಕ್ಕನ ಕಡೆ ನೋಡಿದೆ. ಅವರೂ ತಿರುಗಿ ಪುಟ್ಟಿಯನ್ನೇ ನೋಡುತ್ತಿದ್ದರು.

"ನನಗೆ ಗೊತ್ತಿಲ್ಲ" ಎಂದೆ. ತರಗತಿಯಲ್ಲಿ ನಾನು ಆ ಮಾತು ಆಡಿದ್ದು ಅದೇ ಮೊದಲು. "ಆಸ್ಪತ್ರೆಯಲ್ಲಿ ಮಂಚದ ಕೆಳಗೆ ಒಂದು ಹಿಡಿ ಇರ್ತಿತ್ತು. ತಿರುಗಿಸಿದ್ರೆ ಮಂಚಾನೇ ಏಳ್ತಿತ್ತು. ದಿಂಬಿಲ್ಲದ ಮನೇಲಿ ಏನ್ ಮಾಡ್ಬೇಕು ಅಂತ ನಂಗೆ ಯಾರೂ ಕಲಿಸಲಿಲ್ಲ. ಎಲ್ಲರೂ ಸೇರಿ ಯೋಚಿಸೋಣ."

ಒಬ್ಬಳು ಕಂಬಳಿ ಮಡಚಿ ಎಂದಳು. ಮಡಚಿದೆವು, ಕುಸಿಯಿತು. ಬಟ್ಟೆ ಮೂಟೆ ಎಂದಳು ಇನ್ನೊಬ್ಬಳು. ಪಕ್ಕಕ್ಕೆ ಜಾರಿತು. ಗೋಡೆಗೇ ಒರಗಿಸಿದರೆ? ಬಲಗಡೆ ಶಕ್ತಿಯಿಲ್ಲದ ಅಜ್ಜ ವಾಲಿ ಬೀಳುತ್ತಾರೆ. ಕಾಲು ಗಂಟೆ ಕೋಣೆ ಸಂತೆ. ಆಗ ಪುಟ್ಟಿ ಎದ್ದು ಮುಂದೆ ಬಂದಳು.

"ಅಕ್ಕ, ಒಂಚೂರು ಏಳ್ತೀರಾ?"

ಅಕ್ಕ ಎದ್ದರು. ಪುಟ್ಟಿ ಅವರ ಕುರ್ಚಿಯನ್ನು ಎತ್ತಿಕೊಂಡು ಹೋಗಿ ಮಂಚದ ಮೇಲೆ ಬೋರಲು ಹಾಕಿದಳು, ನಾಲ್ಕೂ ಕಾಲು ಗೋಡೆಯ ಕಡೆಗೆ. ಕುರ್ಚಿಯ ಬೆನ್ನು ಇಳಿಜಾರಾಗಿ ನಿಂತಿತು. ತನ್ನ ದುಪಟ್ಟಾದಿಂದ ಅದನ್ನು ಮಂಚದ ಸರಳಿಗೆ ಬಿಗಿದಳು. ಮೇಲೆ ಮಡಚಿದ ಕಂಬಳಿ ಹಾಸಿ, ಅದರ ಎರಡೂ ಅಂಚನ್ನು ಸುರುಳಿ ಸುತ್ತಿ, ತಲೆಯ ಜಾಗಕ್ಕೆ ಒಂದೇ ಒಂದು ದಿಂಬಿಟ್ಟಳು.

"ಶೆಡ್ಡಲ್ಲಿ ಊಟದ ಹೊತ್ತಲ್ಲಿ ನಾವು ಹೀಗೇ ಬೆನ್ನು ಚಾಚ್ತಿದ್ವಿ" ಎಂದಳು.

ನಾನೇ ಮಲಗಿ ನೋಡಿದೆ. ಬೆನ್ನು ನೆಟ್ಟಗೆ, ತಲೆ ಮುಂದಕ್ಕೆ, ಎರಡೂ ಪಕ್ಕ ಆಸರೆ. ಮೂರು ದಿಂಬಿಗಿಂತ ಗಟ್ಟಿ. ಒಬ್ಬಳಿಂದ ಚಮಚದಲ್ಲಿ ನೀರು ಹಾಕಿಸಿಕೊಂಡೆ, ಸಲೀಸಾಗಿ ಇಳಿಯಿತು.

ಕುರ್ಚಿ ಹೋದದ್ದರಿಂದ ಅಕ್ಕ ಕಿಟಕಿಯ ಸರಳು ಹಿಡಿದು ನಿಂತೇ ಇದ್ದರು. ಚೀಲದಿಂದ ನೋಟ್‌ಬುಕ್ ತೆಗೆದರು. ಮೂರು ಬ್ಯಾಚಿನಲ್ಲಿ ಅವರು ಅದರಲ್ಲಿ ಏನನ್ನಾದರೂ ಬರೆದದ್ದನ್ನು ನಾನು ಕಂಡಿರಲಿಲ್ಲ.

"ಇನ್ನೊಂದ್ಸಲ ತೋರಿಸು ಪುಟ್ಟಿ" ಎಂದರು. "ನಂಗೆ ತಿಳೀಲಿಲ್ಲ."

ಹೆಂಗಸರು ನಕ್ಕರು. ನನಗೊಬ್ಬಳಿಗೆ ಗೊತ್ತಿತ್ತು, ಈ ಸಲ ಅವರು ನಿಜವಾಗಿಯೂ ತಿಳಿಯದೆ ಕೇಳಿದ್ದರು.

ದೊಡ್ಡ ಮೇಡಂ ಬಂದು ನೋಡಿ ಒಪ್ಪಿದರು. ಆದರೆ ಬೇಕರಿಯವಳನ್ನು ಒಪ್ಪಿಸುವುದು ಅಷ್ಟು ಸುಲಭವಿರಲಿಲ್ಲ. "ಅವಳು ಮತ್ತೆ ನಮ್ಮಪ್ಪನ್ನ ಮುಟ್ಟೋದು ಬೇಡ" ಎಂದು ಎರಡು ಸಲ ಫೋನಿಟ್ಟಳು. ತಪ್ಪು ನನ್ನದು, ಒಂದು ಸಲ ಬಂದು ತೋರಿಸುತ್ತೇವೆ, ಆಮೇಲೆ ನಿಮ್ಮಿಷ್ಟ ಎಂದು ಬೇಡಿಕೊಂಡೆ. ಅವಳಿಗೂ ರಜೆ ಮುಗಿದಿತ್ತು. ಬನ್ನಿ ಎಂದಳು.

ಅವಳ ಮನೆಯಲ್ಲಿದ್ದ ಕುರ್ಚಿಯೂ ಒಂದೇ. ಪುಟ್ಟಿ ಅದನ್ನು ಬೋರಲು ಹಾಕಿ ಕಟ್ಟಿದಳು. ನಾವಿಬ್ಬರೂ ಸೇರಿ ಅಜ್ಜನನ್ನು ಎತ್ತಿ ಒರಗಿಸಿದೆವು. ಎಷ್ಟೋ ದಿನದ ಮೇಲೆ ಕಿಟಕಿಯ ಹೊರಗಿನ ಬೀದಿ ಕಂಡಿತೋ ಏನೋ, ಅವರು ಹೋಗುತ್ತಿದ್ದ ಒಂದು ಕಾರನ್ನು ಕಣ್ಣಲ್ಲೇ ಹಿಂಬಾಲಿಸಿದರು. ಪುಟ್ಟಿ ಚಮಚ ಹಿಡಿದು, ತಾನು ಬರದ ದಿನ ಹೇಗೆ ಕುಡಿಸಬೇಕು, ಕುಡಿಸಿದ ಮೇಲೆ ಅರ್ಧ ಗಂಟೆ ಯಾಕೆ ಮಲಗಿಸಬಾರದು ಎಂದು ಬೇಕರಿಯವಳಿಗೆ ಹೇಳಿಕೊಟ್ಟಳು. ಬೇಕರಿಯವಳು ಬಾಗಿಲ ಚೌಕಟ್ಟಿಗೆ ಒರಗಿ, ತುಟಿ ಬಿಗಿದು ತಲೆ ಆಡಿಸುತ್ತಿದ್ದಳು. ಒಂದು ಸಲ. ಎರಡು ಸಲ. ಮೂರು ಸಲ.

ಪುಟ್ಟಿ ಮಾತು ನಿಲ್ಲಿಸಿದಳು. ತಾನೇ ಹಾಗೆ ತಲೆ ಆಡಿಸಿದವಳಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಚಮಚವನ್ನು ಲೋಟದಲ್ಲಿಟ್ಟು, ಬೇಕರಿಯವಳ ಕೈ ಹಿಡಿದು ಮಂಚದ ಹತ್ತಿರ ಕರೆತಂದಳು.

"ನಾನು ಸರಿಯಾಗಿ ಹೇಳಲಿಲ್ಲ ಅನ್ಸುತ್ತೆ ಅಕ್ಕ" ಎಂದಳು. "ಇನ್ನೊಂದ್ಸಲ ತೋರಿಸ್ತೀನಿ. ನೀವೇ ಮಾಡಿ."

ಬೇಕರಿಯವಳು ಚಮಚ ತೆಗೆದುಕೊಂಡಳು. ಅಜ್ಜ ಬಾಯಿ ತೆರೆದರು, ನೀರು ನುಂಗಿದರು. ನಾವು ಮೂವರೂ ಅವರ ಗಂಟಲನ್ನೇ ನೋಡುತ್ತ ಕಾದೆವು. ಕೆಮ್ಮು ಬರಲಿಲ್ಲ.